ಕಡಲಿಗೆ ಹೋದ ಖಾರದ ಕೈ

ನನ್ನ ನೆಗೆಣ್ಣಿ ಎಷ್ಟೋ ವರ್ಷಗಳಿಂದ ಯಾರನ್ನೂ ಅಂಗೈಯಿಂದ ಮುಟ್ಟಿದವಳಲ್ಲ. ಹರಸಿದರೂ ಮೊಣಕೈಯಿಂದ, ತಿವಿದರೂ ಮೊಣಕೈಯಿಂದ! ಎರಡಕ್ಕೂ ಮೊಣಕೈ ಅದೇ ಆದ್ದರಿಂದ, ಹರಸಿದಳೋ ತಿವಿದಳೋ ತಿಳಿಯದೆ ಎಷ್ಟೋ ಮಂದಿ ಅವಳ ಕಾಲಿಗೆ ಬಿದ್ದು, ಎದ್ದು, ಪಕ್ಕೆ ತಿಕ್ಕಿಕೊಳ್ಳುತ್ತ ಹೋಗಿದ್ದಾರೆ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ಹೆಸರು ಬರೆಯುವುದಿಲ್ಲ. ಬರೆದರೆ ಯಾರಾದರೂ ಅವಳಿಗೆ ಓದಿ ಹೇಳುತ್ತಾರೆ, ಆ ಮೊಣಕೈ ನನ್ನ ಪಕ್ಕೆಗೇ ಬರುತ್ತದೆ. ನಾನು ಅವಳನ್ನು ಅಕ್ಕ ಎನ್ನುತ್ತೇನೆ. ಅವಳು ನನ್ನನ್ನು ಸಣ್ಣಾಕಿ ಎನ್ನುತ್ತಾಳೆ. ನನ್ನ ಹಲ್ಲು ಅರ್ಧ ಬಿದ್ದಿವೆ, ಇನ್ನೂ ಸಣ್ಣಾಕಿ!

ಬ್ಯಾಡಗಿಯಲ್ಲಿ ನಮ್ಮಂಥ ಹೆಂಗಸರ ಕೆಲಸ ಏನು ಎಂದು ಕೇಳಬೇಕೆ? ಮೆಣಸಿನಕಾಯಿಯ ತುಂಬು ಬಿಡಿಸುವುದು. ತುಂಬು ಎಂದರೆ ತೊಟ್ಟು. ಗೋದಾಮಿನಲ್ಲಿ ಕೆಂಪು ರಾಶಿ ಸುರಿದಿರುತ್ತಾರೆ. ನಾವು ಮೂಗಿಗೆ ಸೆರಗು ಕಟ್ಟಿ ಸುತ್ತ ಕೂರುತ್ತೇವೆ. ನಮ್ಮ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೊಗಳುತ್ತಾರೆ. ಹೊಗಳುವವರು ಒಂದು ದಿನ ಬಂದು ಕುಳಿತು ಬಿಡಿಸಲಿ, ಬಿಡಿಸಿದ ಕೈಯಿಂದ ಕಣ್ಣು ಒರೆಸಿಕೊಳ್ಳಲಿ. ಆಮೇಲೆ ಬೇಕಾದಷ್ಟು ಹೊಗಳಲಿ!

ಆ ಖಾರ ತೊಳೆದರೆ ಹೋಗುವುದಲ್ಲ. ಉಗುರಿನ ಸಂದಿಯಲ್ಲಿ, ಅಂಗೈಯ ಗೆರೆಯಲ್ಲಿ ಕೂತುಬಿಡುತ್ತದೆ. ಉಳಿದವರು ಎಣ್ಣೆ ಹಚ್ಚಿ ತಿಕ್ಕಿ ತೊಳೆದು, ಹೇಗೋ ಮಕ್ಕಳು ಮರಿಗಳನ್ನು ಎತ್ತಿ ಆಡಿಸಿದೆವು. ಅಕ್ಕ ಆಡಿಸಲಿಲ್ಲ. ಅದಕ್ಕೆ ಕಾರಣವಿದೆ.

ಅವಳಿಗೆ ಒಬ್ಬಳೇ ಮಗಳು. ಮಗಳು ಮೊಲೆ ಕುಡಿಯುವ ಕೂಸಾಗಿದ್ದಾಗ ಒಂದು ಸಂಜೆ ಗೋದಾಮಿನಿಂದ ಬಂದವಳು, ಕೂಸಿನ ಕಣ್ಣಿನ ಪಿಸುರು ಒರೆಸಿದಳು. ಕೈ ತೊಳೆದೇ ಒರೆಸಿದ್ದಳು, ನಾನು ನೋಡಿದ್ದೇನೆ. ಆದರೂ ಕೂಸು ಉಸಿರು ಸಿಕ್ಕಿಕೊಂಡಂತೆ ಅತ್ತು ನೀಲಿಯಾಯಿತು. ಕಣ್ಣು ಬಾತು ಮುಚ್ಚಿಕೊಂಡವು. ಹೋಗಿಯೇಬಿಟ್ಟವು ಎಂದು ಎಲ್ಲರೂ ತಿಳಿದೆವು. ಹೋಗಲಿಲ್ಲ, ನಾಲ್ಕು ದಿನಕ್ಕೆ ತೆರೆದವು. ಆದರೆ ಅಂದಿನಿಂದ ಅಕ್ಕ ಆ ಮಗಳ ಮುಖವನ್ನು ಅಂಗೈಯಿಂದ ಮುಟ್ಟಲಿಲ್ಲ. ಎತ್ತಿಕೊಳ್ಳಬೇಕಾದರೆ ಮೊಣಕೈಗಳಲ್ಲಿ, ಕಟ್ಟಿಗೆ ಹೊರೆ ಎತ್ತಿದಂತೆ. ಹಾಗೆಯೇ ಬೆಳೆಸಿದಳು!

ನಮ್ಮಲ್ಲಿ ಹಿರಿಯರು ಮಕ್ಕಳ ಎರಡೂ ಕೆನ್ನೆ ಸವರಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿ ಚಟಚಟ ನೆಟಿಕೆ ಮುರಿದು ದೃಷ್ಟಿ ತೆಗೆಯುತ್ತಾರಲ್ಲ, ಅದನ್ನೂ ಅವಳು ಗಾಳಿಯಲ್ಲೇ ಮಾಡುತ್ತಿದ್ದಳು. ಮಗಳ ಮದುವೆಯಲ್ಲಿ ಮುಖದಿಂದ ಗೇಣು ದೂರ ಎರಡೂ ಕೈ ಆಡಿಸಿ ನೆಟಿಕೆ ಮುರಿದಳು. ಬೀಗಿತಿ ನನ್ನ ಕಿವಿಯಲ್ಲಿ ಕೇಳಿದಳು, "ಯಾಕ್ರೀ, ನೊಣ ಭಾಳ ಅದಾವೇನು ನಿಮ್ಮ ಕಡೆ?"

ಮಗಳು ರಾಣೆಬೆನ್ನೂರಿಗೆ ಹೋದಳು. ಅವಳಿಗೊಬ್ಬ ಮಗಳಾದಳು. ಆ ಮೊಮ್ಮಗಳಿಗೂ ಮೊಣಕೈಯೇ. ಈಗ ಈ ವರ್ಷ ಮೆಣಸಿನಕಾಯಿ ಸುಗ್ಗಿ ಕಾವೇರಿದಾಗ ಆ ಮೊಮ್ಮಗಳೂ ಹಡೆದಳು. ಹೆಣ್ಣು. ಅಕ್ಕ ನೋಡಲು ಹೋದಳು, ನಾನೂ ಹೋದೆ. ಮಗಳು ಕೂಸನ್ನು ಎದೆಗೆ ಅವಚಿಕೊಂಡು ಬಾಗಿಲಲ್ಲೇ ಹೇಳಿದಳು, "ಅವ್ವಾ, ಅಲ್ಲೇ ನಿಂತು ನೋಡು. ಎಳೀ ಕೂಸೈತಿ."

ಬಿರುಸಾಗಿ ಹೇಳಲಿಲ್ಲ. ಹೇಳುವ ಕಾರಣವೂ ಇರಲಿಲ್ಲ. ಅಕ್ಕ ಆಗಲೇ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಶಾಲೆಯ ಮಾಸ್ತರನ ಮುಂದೆ ನಿಂತ ಹುಡುಗಿಯ ಹಾಗೆ ನಿಂತಿದ್ದಳು.

ಮರುದಿನ ರಾಶಿಯ ಮುಂದೆ ಕುಳಿತಾಗ ಹೇಳಿದಳು, "ಸಣ್ಣಾಕಿ, ಕೂಸಿನ್ನ ತೊಟ್ಟಿಲಿಗೆ ಹಾಕೂದರೊಳಗ ಈ ಕೈಯಾಗಿನ ಖಾರ ತೆಗೀಬೇಕು. ಒಂದ ಸಲ ಆ ಕೂಸಿನ ಮಾರಿ ಮುಟ್ಟಿ ಸಾಯತೇನಿ."

"ಸಾಯೂದು ಆಮ್ಯಾಲೆ. ಕೈ ಲಗೂ ನಡೆಸು" ಎಂದೆ.

ಶುರುವಾಯಿತು ನೋಡಿ! ಮಜ್ಜಿಗೆಯಲ್ಲಿ ಕೈ ಅದ್ದಿ ಕೂತಳು. ಆ ಮಜ್ಜಿಗೆ ಕುಡಿದ ಬೆಕ್ಕು ಮೂರು ಮನೆ ದಾಟಿ ಓಡಿತು. ಹುಣಸೆಹಣ್ಣು ತಿಕ್ಕಿದಳು. ಬೂದಿ ತಿಕ್ಕಿದಳು. ಸಗಣಿಯನ್ನೂ ಬಿಡಲಿಲ್ಲ. ಪ್ರತಿಸಲವೂ ಪರೀಕ್ಷೆ ಯಾರ ಮೇಲೆ? ನನ್ನ ಮೇಲೆ! ಬೆರಳನ್ನು ನನ್ನ ಕಣ್ಣಂಚಿಗೆ ಒತ್ತಿ, ನೀರು ಬರುತ್ತದೋ ಇಲ್ಲವೋ ನೋಡುತ್ತಿದ್ದಳು.

"ನಿನ್ನ ಕಣ್ಣಿಗೇ ಒತ್ತಿಕೊಳ್ಳಬಾರದೇನು?" ಎಂದು ಬೈದೆ.

"ನನ್ನ ಕಣ್ಣು ಸುಮ್ಮಸುಮ್ಮನ ನೀರು ಸುರಸ್ತಾವ. ನಿನ್ನವು ಹಂಗಲ್ಲ. ಗಂಡ ಸತ್ತಾಗ ಒಂದು ಹನಿ ಬಂದಿಲ್ಲ. ಅಂಥಾ ಕಣ್ಣಾಗ ನೀರು ಬಂತಂದ್ರ ಅದು ಖರೇನ ಖಾರ."

ಆ ಮಾತು ಸುಳ್ಳಲ್ಲ. ಗಂಡ ಹೋದ ದಿನ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಬರಲಿಲ್ಲ ಎಂದರೆ ಬರಲಿಲ್ಲ. ಓಣಿಯವರು ಆಡಿಕೊಂಡರು, ಆಡಿಕೊಳ್ಳಲಿ ಎಂದು ಬಿಟ್ಟೆ. ಮಂದಿಯ ಮುಂದೆ ಅಳುವುದು ನನಗೆ ಬರುವುದಿಲ್ಲ. ಅದಕ್ಕೇ ನನ್ನ ಕಣ್ಣು ಅವಳ ಪಾಲಿಗೆ ತಕ್ಕಡಿಯಾಯಿತು.

ನಮ್ಮ ರಾಶಿಯಲ್ಲಿ ಕೂರುವ ಹಸೀನಾ ಇದನ್ನೆಲ್ಲ ನೋಡುತ್ತಿದ್ದಳು. ವಯಸ್ಸಿನಲ್ಲಿ ನಮಗಿಂತ ಸಣ್ಣವಳು, ಗೋದಾಮಿನ ಹೆಂಗಸರನ್ನೆಲ್ಲ ಎಲ್ಲಿಗಾದರೂ ಕರೆದುಕೊಂಡು ಹೋಗುವ ಹುಮ್ಮಸ್ಸಿನವಳು. ಅವಳೇ ಹೇಳಿದ್ದು. "ಅಮ್ಮಾ, ಇದಕ್ಕೆಲ್ಲ ಸಮುಂದರ್ ನೀರೇ ದವಾ. ನಮ್ಮ ಮಾಮೂ ಹೇಳ್ಯಾರ, ಉಪ್ಪು ನೀರು ಎಂಥಾ ಖಾರ ಇದ್ದರೂ ಕಿತ್ತು ತೆಗೀತೈತಿ. ಹೋಳಿಗೆ ಪ್ಯಾಟಿ ಬಂದ್ ಇರತೈತಲ್ಲ, ನಾವೆಲ್ಲ ಹೊಂಟೇವಿ. ಹೆಂಗಸರಿಗೆ ಬಸ್ಸಂತೂ ಪುಕ್ಕಟೆ. ದೋಣ್ಯಾಗ ಕುಂತು ನಡುಗಡ್ಡಿಗೆ ಹೋಗೂದು, ಅಲ್ಲಿ ನೀರಾಟ ಅದಾವ. ಬರ್ರಿ."

ಮಾಮೂ ಕಡಲು ನೋಡಿದ್ದಾನೋ ಇಲ್ಲವೋ ಯಾರು ಕೇಳಬೇಕು? ಅಕ್ಕ ಹೊರಟಳು. ಅವಳು ಹೊರಟ ಮೇಲೆ ಅವಳ ತಕ್ಕಡಿ ಮನೆಯಲ್ಲಿ ಉಳಿದೀತೆ? ನಾನೂ ಹೊರಟೆ.

ಬಸ್ಸಿನಲ್ಲಿ ಅವಳ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿತ್ತು. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದಾಗ ಅವಳ ಎಲೆಅಡಿಕೆ ಸಂಚಿಯಿಂದ ನಾನು ತೆಗೆದುಕೊಟ್ಟೆ. ಅವನಿಗೆ ಕನಿಕರವಾಯಿತು.

"ಏನಾತಬೇ ಆಯಿ, ಕೈ ಸುಟ್ಟಾವೇನು?"

"ಕೈ ಸುಟ್ಟಿಲ್ಲಪಾ, ಕೈ ಸುಡತಾವ. ನೋಡತೀಯೇನು?"

ಅವನು ನೋಡಲಿಲ್ಲ. ಹಾವೇರಿ ದಾಟುವವರೆಗೆ ನಮ್ಮ ಸೀಟಿನ ಕಡೆಗೇ ಬರಲಿಲ್ಲ.

ಆ ನಡುಗಡ್ಡೆಯ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿಯವರಿಗೆ ನಮ್ಮ ನೆನಪು ಮತ್ತೆ ಬರುವುದು ಬೇಡ. ಮೂರು ಬಸ್ಸು ಬದಲಿಸಿ, ರಾತ್ರಿ ಎಲ್ಲೋ ಛತ್ರದಲ್ಲಿ ಕಳೆದು, ಬೆಳಿಗ್ಗೆ ದಂಡೆಗೆ ಹೋದೆವು. ಅಲ್ಲಿಂದ ದೋಣಿ. ದೋಣಿ ಇಳಿದರೆ ತೆಂಗಿನ ಮರಗಳು, ಬಿಳಿ ಮರಳು, ಬಣ್ಣದ ಛತ್ರಿಗಳು, ಚಡ್ಡಿ ಹಾಕಿದ ಮಂದಿ. ಉದ್ಯಾನದ ಹಾಗೆ ಹೂವಿನ ಗಿಡ ಬೇರೆ ಬೆಳೆಸಿದ್ದರು.

ಅಕ್ಕ ಸೊಂಟಕ್ಕೆ ಮೊಣಕೈ ಊರಿ ಕಡಲನ್ನು ನೋಡಿದಳು. ಹಸೀನಾ "ಹೆಂಗೈತ್ರೀ ಅಮ್ಮಾ?" ಎಂದಳು.

"ತುಂಗಭದ್ರಾಕಿಂತ ದೊಡ್ಡದೈತಿ. ಆದ್ರ ದಂಡಿಗೆ ಒಂದು ಕಲ್ಲಿಲ್ಲ. ಅರಿವಿ ಒಗಿಯೂದು ಎಲ್ಲಿ?"

ಹೊಸ ನೀರು ಕಂಡರೆ ಗಂಗವ್ವನಿಗೆ ಉಡಿ ತುಂಬುವುದು ನಮ್ಮ ಪದ್ಧತಿ. ಕುಪ್ಪಸದ ಖಣ, ಎಲೆ, ಅಡಿಕೆ, ಬಾಳೆಹಣ್ಣು ತಂದಿದ್ದೆವು. ಅಕ್ಕ ಕೈ ಹಚ್ಚಲಿಲ್ಲ. ನನ್ನಿಂದಲೇ ನೀರಿಗೆ ಬಿಡಿಸಿದಳು. ಅಷ್ಟಾದ ಮೇಲೆ ಕೈಯ ಚೀಲ ಬಿಚ್ಚಿ ನೀರಿಗೆ ಅದ್ದು ಎಂದರೆ, ಅದ್ದಲೊಲ್ಲಳು!

"ಇದರಾಗ ಮೀನು ಅದಾವಲ್ಲ?"

"ಕಡಲಿನ್ಯಾಗ ಮೀನ ಇರತಾವ, ಎಮ್ಮಿ ಇರತಾವೇನು?" ಎಂದೆ.

"ಅವಕ್ಕ ಕಣ್ಣು ಇರತಾವ. ರೆಪ್ಪಿ ಇರಂಗಿಲ್ಲ, ಮುಚ್ಚಾಕೂ ಬರಂಗಿಲ್ಲ."

ಹಸೀನಾ ನೆತ್ತಿಯ ಮೇಲೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ! ಇಷ್ಟು ದೊಡ್ಡ ಸಮುಂದರ್ ಐತಿ, ನಿಮ್ಮ ಎರಡು ಕೈಗೆ ಖಾರ ಆಗತೈತೇನ್ರೀ? ಅದ್ದರಿ ಅಮ್ಮಾ!"

ನಗಬೇಡಿ. ನಾನೂ ಆಗ ನಕ್ಕೆ. ಆದರೆ ಒಂದು ಕೂಸಿನ ಬಾತ ಕಣ್ಣು ನೋಡುತ್ತ ಕೂತವಳಿಗೆ ಲೋಕದಲ್ಲಿ ಕಣ್ಣಿರುವ ಪ್ರಾಣಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ಕಡೆಗೆ ಅದ್ದಿದಳು. ಒಮ್ಮೆ ಅದ್ದಿದ ಮೇಲೆ ತೆಗೆಯುವವಳಲ್ಲ. ಆದರೆ ಅಲೆ ಬಂದು ಕೆಡವುತ್ತಿತ್ತು, ಹೋಗಿ ಬರುತ್ತಿತ್ತು. ಹಾಗೆ ಬಂದು ಹೋಗುವ ನೀರಿನಲ್ಲಿ ಕೈ ನೆನೆಯುವುದಿಲ್ಲ ಎಂದು ಅವಳ ತಕರಾರು. ಆಗ ಕಂಡದ್ದು ನೀರಾಟದ ಅಂಗಡಿ. ಗಡ್ಡದ ದೋಣಿಯವನೊಬ್ಬ ಆಟಗಳ ಚಿತ್ರ ತೋರಿಸುತ್ತ ನಿಂತಿದ್ದ. ಕೊಡೆ ಕಟ್ಟಿಕೊಂಡು ಆಕಾಶಕ್ಕೆ ಹಾರುವುದೊಂದು, ನೀರಿನ ಮೇಲೆ ಮೋಟರ್‌ಸೈಕಲ್ ಹೊಡೆಯುವುದೊಂದು. ಅಕ್ಕ ಒಂದೊಂದಕ್ಕೂ ಬೆರಳು ತೋರಿ ಕೇಳಿದಳು, "ಇದರಾಗ ನೀರು ತಾಕತೈತೇನಪಾ?"

ಅವನು ಮುದುಕಿ ಹೆದರಿದ್ದಾಳೆ ಎಂದುಕೊಂಡ. "ಹೆದರ್ಬೇಡಿ ಅಜ್ಜಿ, ಒಂಚೂರೂ ಒದ್ದೆ ಆಗುದಿಲ್ಲ."

"ಹಂಗಾರ ಬ್ಯಾಡ."

"ಇದರಲ್ಲಿ ಕಾಲು ಮಾತ್ರ ಒದ್ದೆ ಆಗ್ತದೆ."

"ಕಾಲಿನ್ಯಾಗ ಖಾರಿಲ್ಲ. ಬ್ಯಾಡ."

ಅವನು ಗಡ್ಡ ಕೆರೆದುಕೊಂಡ. ಕಡೆಗೆ ಬಾಳೆಹಣ್ಣಿನ ಹಾಗಿದ್ದ ಹಳದಿ ರಬ್ಬರಿನ ದೋಣಿ ತೋರಿಸಿ, "ಇದು ನಿಮಗೆ ಬೇಡವೇ ಬೇಡ ಅಜ್ಜಿ. ಇದರಲ್ಲಿ ಕಡೆಗೆ ಎಲ್ಲರನ್ನೂ ನೀರಿಗೆ ಬೀಳಿಸ್ತೇವೆ" ಎಂದ.

ಅಕ್ಕನ ಮುಖ ಅರಳಿತು. "ಹತ್ತ್ರವ್ವಾ ಎಲ್ಲಾರೂ!"

ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ತೇಲುವ ಅಂಗಿ ತೊಟ್ಟು, ಕಚ್ಚೆ ಬಿಗಿದು, ಆ ಬಾಳೆಹಣ್ಣಿನ ಮೇಲೆ ನಾವು ಸಾಲಾಗಿ ಕುಳಿತೆವು. ನಾನು ಹೊಲದ ಬೆದರುಬೊಂಬೆಯ ಹಾಗೆ ಕಾಣುತ್ತಿದ್ದೆನಂತೆ, ಹಸೀನಾ ಹೇಳಿದ್ದು. ಅವಳು ಹೇಗೆ ಕಾಣುತ್ತಿದ್ದಳು ಎಂದು ನಾನು ಹೇಳಲಿಲ್ಲ, ನನಗೆ ಮರ್ಯಾದೆ ಇದೆ. ಮುಂದಿನ ಮೋಟರ್ ದೋಣಿ ನಮ್ಮನ್ನು ಎಳೆಯತೊಡಗಿತು. ಎಲ್ಲರೂ ಹಗ್ಗ ಹಿಡಿದು ಕಿರುಚುತ್ತಿದ್ದರೆ, ಅಕ್ಕ ಹಗ್ಗ ಬಿಟ್ಟು ಎರಡೂ ಕೈಯನ್ನು ಎರಡೂ ಬದಿಯ ನೀರಿನಲ್ಲಿ ಇಳಿಬಿಟ್ಟಿದ್ದಳು!

"ಹಗ್ಗ ಹಿಡ್ಕೊಳ್ಳಿ ಮಾರಾಯ್ರೆ! ಹಗ್ಗ!" ಎಂದು ದೋಣಿಯವ ಕೂಗಿದ.

"ಹಗ್ಗ ಹಿಡಿದ್ರ ನೀರು ಯಾರ ಹಿಡೀಬೇಕೋ?" ಎಂದು ಇವಳು ಕೂಗಿದಳು.

ಎಲ್ಲರನ್ನೂ ಬೀಳಿಸುವ ಜಾಗ ಬರುವ ಮೊದಲೇ ಅವಳು ಬಿದ್ದಳು. ತಿರುಗಿ ನೋಡಿದರೆ ಕಿತ್ತಳೆ ಅಂಗಿ ಅಲೆಯ ಮೇಲೆ ತೇಲುತ್ತಿದೆ, ಒಳಗೆ ಅಕ್ಕ ಅಂಗಾತ ಮಲಗಿದ್ದಾಳೆ. ಅಂಗೈಗೆ ಅಂಗೈ ತಿಕ್ಕುತ್ತಿದ್ದಾಳೆ! ದೋಣಿ ತಿರುಗಿ ಹತ್ತಿರ ಹೋದರೆ ಬೈದಳು, "ಹೋಗ್ರಿ ಅತ್ತಾಗ! ಇನ್ನೂ ಸ್ವಲ್ಪ ನೆನೀಲಿ!" ಮಡಕೆ ಕಾಳು ನೆನೆಹಾಕಿದವಳ ಹಾಗೆ.

ದೋಣಿಯವ ನೀರಿಗೆ ಹಾರಿ, ಅವಳ ಎರಡೂ ಕೈ ಹಿಡಿದು ಮೇಲಕ್ಕೆ ಎಳೆದ. ಕೂರಿಸಿದ. ಆಮೇಲೆ ಮುಖದ ಮೇಲಿನ ಉಪ್ಪುನೀರು ಒರೆಸಿಕೊಂಡ, ಅದೇ ಕೈಯಿಂದ.

ಪಾಪ, ಅವನು ಕೂಗಿದ್ದು ದಂಡೆಯವರೆಗೂ ಕೇಳಿತು. "ಅಯ್ಯಯ್ಯೋ! ಎಂತ ಉಂಟು ಅಜ್ಜಿ ನಿಮ್ಮ ಕೈಯಲ್ಲಿ?"

ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. ನಗುತ್ತಲೇ ದಂಡೆಗೆ ಬಂದೆವು, ಅವನ ಕಣ್ಣಿಗೆ ಎಳನೀರು ಹಾಕಿದೆವು, ಅವನೂ ನಕ್ಕ. ಅಕ್ಕ ಮಾತ್ರ ನಗಲಿಲ್ಲ. ತೆಂಗಿನ ಮರದ ಬುಡಕ್ಕೆ ಹೋಗಿ, ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಳು. ನೀರಿನಲ್ಲಿ ನೆನೆದು ಅಂಗೈ ಬೆಳ್ಳಗೆ ಸುಕ್ಕುಗಟ್ಟಿತ್ತು. ನಾನು ಹೋಗಿ ಪಕ್ಕದಲ್ಲಿ ಕುಳಿತೆ.

"ಹೋಗಿಲ್ಲ, ಸಣ್ಣಾಕಿ" ಎಂದಳು.

"ಹೋಗತೈತಿ ಬಿಡು."

"ಕಡಲಿಗೇ ಹೋಗಲಿಲ್ಲಂದ್ರ ಇನ್ನ ಎದಕ್ಕ ಹೋಗತೈತಿ? ಮಗಳ ಮಾರಿ ಹೆಂಗಿತ್ತೋ ಈ ಕೈಗೆ ಗೊತ್ತಿಲ್ಲ. ಕಣ್ಣಿಗೆ ಗೊತ್ತೈತಿ, ಕೈಗೆ ಗೊತ್ತಿಲ್ಲ. ಆಕಿ ಮಗಳಿಂದೂ ಗೊತ್ತಿಲ್ಲ. ಇನ್ನ ಇದೂ ಹಂಗ."

ಸಮಾಧಾನ ಹೇಳುವುದು ನನ್ನ ಕೆಲಸವಲ್ಲ. ಇದ್ದದ್ದನ್ನು ಹೇಳಿದೆ. "ಅಕ್ಕಾ, ನೀ ಹುಚ್ಚಿ. ಮೊನ್ನಿ ಸಂಜಿತನಕ ತುಂಬು ಬಿಡಿಸಿ ಇವತ್ತ ಕಡಲಿಗೆ ಬಂದು ಖಾರ ಹೋಗಂದ್ರ ಹೋಗತೈತೇನು? ಒಂದು ಎಂಟು ದಿನ ಕಾಯಿ ಮುಟ್ಟಬ್ಯಾಡ. ದಿನಾ ಎಣ್ಣಿ ಹಚ್ಚು. ಕಡಲೂ ಬ್ಯಾಡ, ಮಜ್ಜಿಗಿನೂ ಬ್ಯಾಡ, ತಾನ ಹೋಗತೈತಿ."

ಅವಳು ನನ್ನನ್ನು ಗುರುಗುಟ್ಟಿ ನೋಡಿದಳು. "ಸುಗ್ಗ್ಯಾಗ ಎಂಟು ದಿನ? ನನ್ನ ಜಾಗಾ?"

ಇದನ್ನು ಹೊರಗಿನವರಿಗೆ ಹೇಳಬೇಕು. ಗೋದಾಮಿನಲ್ಲಿ ಅಕ್ಕ ಕೂರುವುದು ಬಾಗಿಲ ಬದಿ. ಅಲ್ಲಿ ಗಾಳಿ ಬರುತ್ತದೆ, ಘಾಟು ಕಡಿಮೆ. ಮದುವೆಯಾಗಿ ಬಂದ ಹೊಸತರಲ್ಲಿ ಒಳಗಿನ ಕತ್ತಲೆ ಮೂಲೆಯಲ್ಲಿ ಕೂತು ಕೆಮ್ಮಿದವಳು, ಒಬ್ಬೊಬ್ಬರು ಸತ್ತ ಹಾಗೆ ಒಂದೊಂದೇ ಜಾಗ ಮುಂದೆ ಬಂದು, ಆ ಬಾಗಿಲು ಮುಟ್ಟಿದ್ದಾಳೆ. ಸುಗ್ಗಿಯಲ್ಲಿ ಎದ್ದು ಹೋದವಳ ಜಾಗ ಹೋಯಿತೆಂದೇ ಲೆಕ್ಕ. ಮತ್ತೆ ಬಂದರೆ ಒಳಗಿನ ಮೂಲೆ. ಅದಕ್ಕೇ ಅವಳು ಗಂಡ ಸತ್ತಾಗಲೂ ಮೂರನೆಯ ದಿನಕ್ಕೆ ಬಂದು ಕುಳಿತಿದ್ದಳು. ಮಗಳ ಮುಖ ಮುಟ್ಟದೆ ಹೋದದ್ದು ಖಾರದಿಂದ ಎಂದು ಎಲ್ಲರೂ ತಿಳಿದಿದ್ದೆವು. ಸುಗ್ಗಿ ಮುಗಿದರೂ ಉಳಿದ ಕಾಯಿ ಇರುತ್ತಿತ್ತು. ಬಿಡುವೇ ಇರಲಿಲ್ಲ, ಅದು ಖರೇ ಮಾತು.

ಹಸೀನಾ ಯಾವಾಗ ಬಂದು ಹಿಂದೆ ನಿಂತಿದ್ದಳೋ! "ನಿಮ್ಮ ಜಾಗಾಕ್ಕ ಯಾರ ಬರತಾರ ನೋಡೂಣು. ನನ್ನ ಬುತ್ತಿ ಡಬ್ಬಿ ಅಲ್ಲೇ ಇಡತೇನಿ" ಎಂದಳು.

"ಡಬ್ಬಿ ಎತ್ತಿ ಅತ್ತಾಗ ಒಗೀತಾರ" ಎಂದೆ ನಾನು. "ನಾ ಕಾಲು ಚಾಚಿ ಕುಂದರತೇನಿ. ನನ್ನ ಕಾಲು ಯಾರ ಒಗೀತಾರ?"

ಅಕ್ಕ ಮೊಣಕೈಯಿಂದ ನನ್ನ ಪಕ್ಕೆಗೆ ಒಂದು ಕೊಟ್ಟಳು. ಹರಸಿದ್ದೋ ತಿವಿದದ್ದೋ ನನಗೆ ಆಗಲೂ ತಿಳಿಯಲಿಲ್ಲ.

ಬ್ಯಾಡಗಿಗೆ ಬಂದವಳೇ ರಾಣೆಬೆನ್ನೂರಿನ ಮಗಳ ಮನೆಗೆ ಹೋದಳು. ನಾನು ಬಾಗಿಲ ಬದಿ ಕಾಲು ಚಾಚಿ ಕುಳಿತೆ. ಬಂದ ಹೊಸಬಳೊಬ್ಬಳು "ಕಾಲು ತಗೀರಿ" ಎಂದಳು. "ಲಕ್ವಾ ಹೊಡದೈತಿ" ಎಂದೆ. ಮಧ್ಯಾಹ್ನ ಊಟಕ್ಕೆ ನಾನು ಎದ್ದು ನಡೆದದ್ದು ಕಂಡು ಅವಳು ಬಾಯಿ ತೆರೆದಳು. ಹಸೀನಾ ಅವಳಿಗೆ ಹೇಳಿದಳಂತೆ, "ಕೂತಾಗಷ್ಟೇ ಹೊಡಿತೈತಿ ಅವರಿಗೆ."

ತೊಟ್ಟಿಲ ದಿನ ನಾನೂ ಹಸೀನಾಳೂ ರಾಣೆಬೆನ್ನೂರಿಗೆ ಹೋದೆವು. ಮನೆತುಂಬ ಹೆಂಗಸರು, ಗುಗ್ಗರಿಯ ವಾಸನೆ. ತೊಟ್ಟಿಲ ಬಳಿ ಅಕ್ಕ ನಿಂತಿದ್ದಳು. ಉಗುರು ಬುಡದವರೆಗೆ ಕತ್ತರಿಸಿಕೊಂಡಿದ್ದಳು. ಕೈಗೆ ಕೊಬ್ಬರಿ ಎಣ್ಣೆಯ ವಾಸನೆ. ಇಷ್ಟು ವರ್ಷ ಕಂಡಿದ್ದ ಕೆಂಪು ಬಣ್ಣ ಹೋಗಿ, ಯಾರದೋ ಕೈ ಇಸಿದುಕೊಂಡು ಬಂದ ಹಾಗೆ ಕಾಣುತ್ತಿತ್ತು. ಬೆಳಿಗ್ಗೆಯಿಂದ ಎಲ್ಲರೂ ಮುಟ್ಟು ಮುಟ್ಟು ಎಂದರೂ ಮುಟ್ಟಿರಲಿಲ್ಲವಂತೆ. ಸಣ್ಣಾಕಿ ಬರಲಿ ಎಂದು ಕಾದಿದ್ದಳಂತೆ.

"ಬಾ ಇಲ್ಲೆ" ಎಂದಳು. "ಕಣ್ಣು ತೆರಿ."

ತೆರೆದೆ. ಬೆರಳನ್ನು ನನ್ನ ಕಣ್ಣಂಚಿಗೆ ಇಟ್ಟಳು. ಬೆರಳು ತಣ್ಣಗಿತ್ತು, ಮೆತ್ತಗಿತ್ತು. ಉರಿಯಲಿಲ್ಲ, ಒಂದಿಷ್ಟೂ ಉರಿಯಲಿಲ್ಲ. ಗೋಣಿಚೀಲ ಒಬ್ಬಳೇ ಎತ್ತುವವಳ ಬೆರಳು ಅಷ್ಟು ಹಗುರವಾಗಿ ತಾಕಿದ್ದನ್ನು ನಾನು ಕಂಡಿರಲಿಲ್ಲ.

ನನ್ನ ಕಣ್ಣಿಂದ ನೀರು ಬಂತು. ದರಿದ್ರ ನೀರು, ಬೇಕಾದಾಗ ಬಾರದ್ದು ಆಗ ಬಂತು. ಒಂದು ಹನಿ ಅವಳ ಬೆರಳ ಮೇಲೇ ಬಿತ್ತು.

ಅಕ್ಕ ಕೈ ಹಿಂದಕ್ಕೆ ಎಳೆದುಕೊಂಡಳು. ಬೆನ್ನ ಹಿಂದೆ ಕಟ್ಟಿಕೊಂಡಳು. "ಇನ್ನೂ ಐತಿ" ಎಂದಳು.

ಮಗಳು ಮೆಲ್ಲಗೆ, "ಹೋಗ್ಲಿ ಬಿಡವ್ವಾ. ಮೊಣಕೈಲೆ ತೂಗು" ಎಂದಳು.

ಅಷ್ಟೂ ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಸುಮ್ಮನೆ ಕಣ್ಣು ಉಜ್ಜಿಕೊಂಡು ನಿಂತಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಅದು ಖಾರ ಅಲ್ಲ" ಎಂದೆ.

"ಮತ್ತ?"

"ಅಳಾಕತ್ತೇನಿ. ಕಾಣವಲ್ತೇನು ನಿನಗ? ಅಳಾಕತ್ತೇನಿ. ಮುಟ್ಟು ಮುದುಕಿ, ಲಗೂ ಮುಟ್ಟು!"

ಅಕ್ಕ ಬೆನ್ನ ಹಿಂದಿನ ಕೈ ಬಿಚ್ಚಿದಳು. ಆಮೇಲೆ ಬಗ್ಗಿ ತೊಟ್ಟಿಲೊಳಗೆ ಎರಡೂ ಅಂಗೈ ಇಳಿಸಿದಳು. ಕೂಸಿನ ಎರಡೂ ಕೆನ್ನೆ ಸವರಿದಳು. ಕೂಸು ಅಳಲಿಲ್ಲ. ನಿದ್ದೆಯಲ್ಲೇ ಬಾಯಿ ಚೀಪಿತು. ಅವಳು ಬೆರಳುಗಳನ್ನು ಕಣತಲೆಗೆ ಒತ್ತಿ ನೆಟಿಕೆ ಮುರಿದಳು. ಹತ್ತೂ ಬೆರಳು ಚಟಚಟ ಅಂದವು.

ಅವಳು ನೆಟ್ಟಗಾಗುವಷ್ಟರಲ್ಲಿ ಮಗಳು ಬಂದು ಎದುರಿಗೆ ನಿಂತಿದ್ದಳು. ತಾನೇ ಅಜ್ಜಿಯಾದವಳು, ತಲೆ ಅರ್ಧ ನರೆತವಳು. ಕಣ್ಣು ಮುಚ್ಚಿ ಮುಖ ಮುಂದೆ ಮಾಡಿದಳು.